ಸಮಸ್ಯಾಪೂರಣ: ಬಡಗಕ್ಕೆ ಹೊಳೆ, ತೆಂಕಕ್ಕೆ ಕಲೆ

ಪೃಚ್ಛಕ: ಕೊಟ್ಟ ಸಾಲು ಕೊನೆಯಲ್ಲಿ ಬರುವಂತೆ ಪದ್ಯ ಕಟ್ಟಿ ಅದರ ವಿರೋಧವನ್ನು ಬಿಡಿಸಬೇಕು. ಈ ಸಲದ ಸಮಸ್ಯೆ ಸೂರ್ಯನ ಉತ್ತರಾರ್ಧಕ್ಕೆ ಸೇರಿದ್ದು. ಅಲ್ಲಿ ಮೇಲ್ಮೈಯ ಹರಿವು ಸೆಕೆಂಡಿಗೆ 10ರಿಂದ 20 ಮೀಟರ್ ವೇಗದಲ್ಲಿ ಧ್ರುವದತ್ತ ಸರಿಯುತ್ತದೆ. ಸೂರ್ಯನ ಕಪ್ಪು ಕಲೆಗಳು ಕಾಣುವ ಪಟ್ಟಿಯಾದರೋ ಸುಮಾರು 30 ಡಿಗ್ರಿ ಅಕ್ಷಾಂಶದಿಂದ ವರ್ಷ ವರ್ಷಕ್ಕೆ ಸಮಭಾಜಕದ ಕಡೆಗೆ ಬರುತ್ತದೆ.

ಹೊಳೆಯು ಬಡಗಕೆ ಹರಿಯೆ ಮಸಿಕಲೆ ತೆಂಕಕಿಳಿಯುವುದು

ಕಂದಪ್ರಿಯ:

ತಳದ ಹೊನಲದು ಮರಳಿ ನಡುವಿಗೆ
ಸುಳಿದು ಬರುತಿರೆ ಕಾಂತಬೀಜವ
ನೆಳೆದು ತರುವುದು ರವಿಯ ಮಧ್ಯಕೆ ಮೆಲ್ಲಮೆಲ್ಲನೆಯೆ
ಬೆಳಕ ಮೈಯಲಿ ತುದಿಗೆ ಸರಿದರು
ತಿಳಿಯದಾರಿಗು ಕೆಳಗಿನಾ ನಡೆ
ಹೊಳೆಯು ಬಡಗಕೆ ಹರಿಯೆ ಮಸಿಕಲೆ ತೆಂಕಕಿಳಿಯುವುದು

ಶರಪ್ರಿಯ: ‘ಕೆಳಗಿನಾ’ ಎಂಬ ಎಳೆತವನ್ನು ಒಪ್ಪಲಾರೆ. ಮಾತ್ರೆ ಸಾಲದಾದಾಗ ಸ್ವರವನ್ನು ಹಿಗ್ಗಿಸುವುದು ಇವರ ಹಳೆಯ ಚಾಳಿ.

ಕಂದಪ್ರಿಯ: ಅದು ಎಳೆತವಲ್ಲ, ‘ಕೆಳಗಿನ ಆ ನಡೆ’ ಎಂಬುದರ ಸಂಧಿ. ಹಿಂದೊಮ್ಮೆ ಗ್ರಹಣದ ಸಮಸ್ಯೆಯಲ್ಲಿ ತಮ್ಮ ಪ್ರಾಸ ತಪ್ಪಿದ್ದನ್ನು ನಾನು ಎತ್ತಿ ತೋರಿಸಿದ್ದು ತಮಗಿನ್ನೂ ಮರೆತಿಲ್ಲವೆಂದು ಕಾಣುತ್ತದೆ.

ಶರಪ್ರಿಯ: ಮರೆತಿಲ್ಲ. ಆದರೆ ನನ್ನ ಮುಖ್ಯ ಆಕ್ಷೇಪ ‘ಎಳೆದು ತರುವುದು’ ಎಂಬುದರ ಮೇಲೆ. ಒಂದೊಂದು ಕಲೆಯ ಆಯುಸ್ಸು ಕೆಲವು ದಿನಗಳು, ಹೆಚ್ಚೆಂದರೆ ಕೆಲವು ತಿಂಗಳುಗಳು. ಯಾವ ಕಲೆಯೂ ತಾನೇ ಸಮಭಾಜಕದವರೆಗೆ ನಡೆದು ಬರುವುದಿಲ್ಲ, ಹಳೆಯವು ಅಳಿದಂತೆ ಹೊಸವು ಇನ್ನಷ್ಟು ಕೆಳಗಿನ ಅಕ್ಷಾಂಶದಲ್ಲಿ ಮೂಡುತ್ತವೆ. ಖಗೋಳಜ್ಞ ಮೌಂಡರ್ ದಂಪತಿ ಕಲೆಗಳ ಅಕ್ಷಾಂಶವನ್ನು ಕಾಲಕ್ರಮದಲ್ಲಿ ಗುರುತಿಸಿದ 1904ರ ನಕ್ಷೆಯಲ್ಲಿ ಚಿಟ್ಟೆಯ ರೆಕ್ಕೆಗಳಂತೆ ಕಾಣುವುದು ಈ ಪರಂಪರೆಯೇ.

ಅಳಿವ ಕಲೆಗಳು ನಡೆಯವೆಂದಿಗು
ಮೊಳೆವ ಹೊಸತದು ಕೆಳಗೆ ತೋರಲು
ಕಳೆಯೆ ಹನ್ನೊಂದೊರುಷ ನೋಳ್ಪರ ಕಣ್ಣ ಮುಂದಿನಲಿ
ಎಳೆಯ ಪೀಳಿಗೆ ನಡುವ ಸಾರಲು
ಹಳೆಯದೊಂದೇ ನಡೆದ ಹಾಗೆಯೆ
ಹೊಳೆಯು ಬಡಗಕೆ ಹರಿಯೆ ಮಸಿಕಲೆ ತೆಂಕಕಿಳಿಯುವುದು

ಪೃಚ್ಛಕ: ಭೇಷ್.

ರಗಳೆಗಾರ: ‘ನಡೆಯವೆಂದಿಗು’ ಅತಿಯಾಯಿತು. ಸೂರ್ಯನ ಆವರ್ತನೆಯೊಡನೆ ಕಲೆಗಳೆಲ್ಲ ಪಡುವಣಕ್ಕೆ ಸಾಗುತ್ತವೆ, ಅದೂ ಸಮಭಾಜಕದ ಬಳಿ ಸುಮಾರು 25 ದಿನಕ್ಕೊಂದು ಸುತ್ತಿನಂತೆ, ಮೇಲಿನ ಅಕ್ಷಾಂಶಗಳಲ್ಲಿ ಇನ್ನೂ ನಿಧಾನವಾಗಿ. ಅಲ್ಲದೆ ದಕ್ಷಿಣಾರ್ಧವನ್ನು ಬಿಟ್ಟದ್ದೇಕೆ? ಅಲ್ಲಿಗೆ ‘ಹೊಳೆಯು ತೆಂಕಕೆ ಹರಿಯೆ ಮಸಿಕಲೆ ಬಡಗಕೇರುವುದು’ ಎಂದಾಗಬೇಕು.

ಕಂದಪ್ರಿಯ: ನಾನು ಎಳೆದು ತಂದದ್ದು ಕಲೆಯನ್ನಲ್ಲ, ಕಾಂತಬೀಜವನ್ನು. ಆಳದ ಮರುಹರಿವು ಕಾಂತಕ್ಷೇತ್ರವನ್ನು ಸಮಭಾಜಕದತ್ತ ಒಯ್ಯುವುದರಿಂದಲೇ ಹೊಸ ಕಲೆಗಳು ಕೆಳಗೆ ಹುಟ್ಟುತ್ತವೆಂಬ ಸಿದ್ಧಾಂತವನ್ನು ತಾವು ಬಲ್ಲಿರಿ.

ಶರಪ್ರಿಯ: ಬಲ್ಲೆ. ಆ ಮರುಹರಿವು ಎಷ್ಟು ಆಳದಲ್ಲಿದೆ, ಅದು ಒಂದೇ ಸುತ್ತೋ ಒಂದರ ಕೆಳಗೊಂದೋ ಎಂಬುದರಲ್ಲಿ ಸೂರ್ಯನ ಮೈಯ ಕಂಪನಗಳಿಂದ ಒಳಗನ್ನು ಅರಿಯುವ ಅಳತೆಗಳೇ ಒಮ್ಮತಕ್ಕೆ ಬಂದಿಲ್ಲವೆಂಬುದನ್ನೂ ಬಲ್ಲೆ. ‘ತಿಳಿಯದಾರಿಗು’ ಎಂದು ಬರೆದವರು ‘ತರುವುದು’ ಎಂದು ನಿಶ್ಚಯಿಸಿದ್ದು ಹೇಗೆ? ‘ತರುವೊಲು’ ಎಂದಿದ್ದರೂ ಮಾತ್ರೆ ಕೂಡುತ್ತಿತ್ತು.

ಕಂದಪ್ರಿಯ: ಕೂಡುತ್ತಿತ್ತು, ಆದರೆ ಸಾಲು ಸಪ್ಪೆಯಾಗುತ್ತಿತ್ತು. ಬದಲಿಸುವುದಿಲ್ಲ.