ಟಕೋಮಾ ಫೋರ್ ವೀಲ್ ಡ್ರೈವ್ ಕ್ಯಾಂಪರ್: ಮುಂದಿನ ಬಾಲ್ ಜಾಯಿಂಟ್ ಸವೆದಿದೆ, ಕೆಳಗಿನದು ಮಾತ್ರ ಬದಲಿಸಿದರೆ ಸಾಕಾ?

ಕೊಲೊರಾಡೊ_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಗಾಡಿ 2003ರ ಟೊಯೊಟಾ ಟಕೋಮಾ, 3.4 ಲೀಟರ್ ವಿ6, ಫೋರ್ ವೀಲ್ ಡ್ರೈವ್. ಹಿಂದೆ ಛಾವಣಿ ಎತ್ತಿ ಇಳಿಸುವ ಕ್ಯಾಂಪರ್ ಕೂರಿಸಿದೆ, ಮುಂದೆ ಸ್ಟೀಲ್ ಬಂಪರ್, ವಿಂಚ್. 1,62,000 ಮೈಲಿ ಓಡಿದೆ.

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಎಡಗಡೆ ಮುಂದೆ ಕಿರ್ ಅನ್ನುತ್ತದೆ. ಹಂಪ್ ಇಳಿದಾಗ ಒಂದೇ ಒಂದು ಟಕ್. ಎಡ ಟೈರಿನ ಒಳ ಅಂಚು ಬಲಗಡೆಯದಕ್ಕಿಂತ ಜಾಸ್ತಿ ಸವೆದಿದೆ. ಎಡ ಲೋವರ್ (ಕೆಳಗಿನ) ಬಾಲ್ ಜಾಯಿಂಟಿನ, ಅಂದರೆ ಬಟ್ಟಲಿನೊಳಗೆ ಗುಂಡು ತಿರುಗುವ ಕೀಲಿನ, ರಬ್ಬರ್ ಬೂಟ್ ಹರಿದು ಗ್ರೀಸ್ ಆಚೆ ಬಂದಿದೆ. ಮುಂದಿನ ತಿಂಗಳು ಯೂಟಾದ ವೈಟ್ ರಿಮ್ ಅನ್ನುವ ಕಚ್ಚಾ ದಾರಿಗೆ ಹೋಗುವುದಿದೆ.

ಕೇಳಬೇಕಾದ್ದು ನಾಲ್ಕು:
ಎಡಗಡೆ ಒಂದನ್ನೇ ಹಾಕಿದರೆ ಸಾಕಾ, ಎರಡೂ ಕಡೆ ಹಾಕಬೇಕಾ?
ಮೇಲಿನ ಜಾಯಿಂಟನ್ನೂ ಜೊತೆಯಲ್ಲೇ ಬಿಚ್ಚಬೇಕಾ? ನನ್ನ ಹತ್ತಿರ ಪ್ರೆಸ್ (ಭಾಗಗಳನ್ನು ಒತ್ತಿ ಕೂರಿಸುವ ಸಾಧನ) ಇಲ್ಲ.
ಆನ್‌ಲೈನಿನಲ್ಲಿ ನಾಲ್ಕೂ ಜಾಯಿಂಟು, ಟೈ ರಾಡ್ ಎಂಡು (ಸ್ಟೀರಿಂಗ್ ಸರಳಿನ ತುದಿಯ ಕೀಲು) ಸೇರಿದ ಕಿಟ್ ಬಹಳ ಕಡಿಮೆಗೆ ಸಿಗುತ್ತಿದೆ. ತಗೋಬಹುದಾ?
ಕ್ಯಾಂಪರ್ ಇಳಿಸದೆ ಕೆಲಸ ಮಾಡಬಹುದಾ?

ಹದಿನಾಲ್ಕರ_ಪಾನ

ಮೊದಲು ಒಂದು ಮಾತು: ಜಾಯಿಂಟ್ ಬದಲಿಸುವ ತನಕ ಆ ಗಾಡಿ ಹೈವೇಗೆ ತೆಗೆಯಬೇಡಿ. ಹೆದರಿಸಲು ಹೇಳುತ್ತಿಲ್ಲ, ಈ ಮಾಡೆಲಿನ ಜೋಡಣೆಯೇ ಹಾಗಿದೆ.

ಟಕೋಮಾದ ಈ ತಲೆಮಾರಿನಲ್ಲಿ ಲೋವರ್ ಬಾಲ್ ಜಾಯಿಂಟಿನ ಮೈ, ಚಕ್ರವನ್ನು ಹಿಡಿದಿರುವ ಲೋಹದ ತುಂಡಾದ ನಕಲ್‌ನ ತಳಕ್ಕೆ ನಾಲ್ಕು ಬೋಲ್ಟಿನಲ್ಲಿ ಕೂತಿರುತ್ತದೆ. ಅದರ ಸ್ಟಡ್ (ಗುಂಡಿನಿಂದ ಹೊರಟ ಕಡ್ಡಿ) ಕೆಳಮುಖವಾಗಿ ಲೋವರ್ ಆರ್ಮಿನೊಳಗೆ (ಚಕ್ರವನ್ನು ಫ್ರೇಮಿಗೆ ಸೇರಿಸುವ ಕೆಳಗಿನ ತೋಳು) ಇಳಿಯುತ್ತದೆ. ಸ್ಪ್ರಿಂಗ್ ಆರ್ಮನ್ನು ಕೆಳಕ್ಕೆ ಒತ್ತುತ್ತದೆ, ರಸ್ತೆ ಚಕ್ರವನ್ನು ಮೇಲಕ್ಕೆ ತಳ್ಳುತ್ತದೆ. ಹಾಗಾಗಿ ಗಾಡಿಯ ಮುಂದಿನ ತೂಕವೆಲ್ಲ ಆ ಗುಂಡನ್ನು ಬಟ್ಟಲಿನಿಂದ ಸದಾ ಹೊರಗೆ ಎಳೆಯುತ್ತಲೇ ಇರುತ್ತದೆ. ಬೇರೆ ಎಷ್ಟೋ ಗಾಡಿಗಳಲ್ಲಿ ತೂಕ ಗುಂಡನ್ನು ಬಟ್ಟಲಿನೊಳಕ್ಕೆ ಒತ್ತುತ್ತದೆ. ಸವೆದರೆ ಸದ್ದು ಬರುತ್ತದೆ, ಕಳಚಿಕೊಳ್ಳುವುದಿಲ್ಲ. ಇದರಲ್ಲಿ ಸವೆತ ಮಿತಿ ಮೀರಿದರೆ ಗುಂಡು ಕಿತ್ತು ಬರುತ್ತದೆ, ಚಕ್ರ ಫೆಂಡರ್ ಕೆಳಗೆ ಮಡಚಿಕೊಳ್ಳುತ್ತದೆ. ಜೊತೆಗೆ ಡ್ರೈವ್ ಶಾಫ್ಟು, ಬ್ರೇಕ್ ಹೋಸು, ಫೆಂಡರ್ ಎಲ್ಲಾ ಹೋಗುತ್ತವೆ.

2005ರಲ್ಲಿ ಟೊಯೊಟಾ ಇದೇ ಭಾಗಕ್ಕೆ ಅಮೆರಿಕದಲ್ಲಿ ರೀಕಾಲ್ ಮಾಡಿತ್ತು. 2001ರಿಂದ 2004ರ ಟಕೋಮಾಗಳು ಅದರಲ್ಲಿದ್ದವು, ನಿಮ್ಮದೂ ಆ ವರ್ಷಗಳದ್ದೇ. ಚಾಸಿ ನಂಬರ್ ಕೊಟ್ಟು ಡೀಲರ್ ಹತ್ತಿರ ವಿಚಾರಿಸಿ. ಆಗಲೇ ಬದಲಾಗಿದ್ದರೂ ಆ ಜಾಯಿಂಟಿಗೂ ಈಗ ವಯಸ್ಸಾಗಿದೆ, ಬೂಟ್ ಬೇರೆ ಹರಿದಿದೆ. ನೀರು, ಮರಳು ಒಳಗೆ ಹೋದ ಮೇಲೆ ಗ್ರೀಸ್ ತುಂಬಿ ಹೊಸ ಬೂಟ್ ಹಾಕಿ ಉಳಿಸಿಕೊಳ್ಳುವ ಮಾತೇ ಇಲ್ಲ.

ಎರಡೂ ಕಡೆ ಬದಲಿಸಿ. ಎರಡೂ ಒಂದೇ ದಾರಿಯಲ್ಲಿ, ಒಂದೇ ತೂಕದಡಿ ಓಡಿದವು.

ಮೇಲಿನದರ ಕತೆ ಬೇರೆ. ಅದು ತೂಕ ಹೊರುವುದಿಲ್ಲ, ಚಕ್ರವನ್ನು ನೆಟ್ಟಗೆ ಹಿಡಿದಿಡುತ್ತದೆ ಅಷ್ಟೆ. ನಕಲ್‌ನೊಳಗೆ ಒತ್ತಿ ಕೂರಿಸಿ ಸರ್ಕ್ಲಿಪ್ (ಜಾರದಂತೆ ತಡೆಯುವ ಉಂಗುರ) ಹಾಕಿರುತ್ತಾರೆ, ಹಾಗಾಗಿ ಪ್ರೆಸ್ ಬೇಕೇ ಬೇಕು. ಪರೀಕ್ಷೆ ಮಾಡಿ, ಆಟ (ಸಡಿಲು) ಇಲ್ಲದಿದ್ದರೆ, ಬೂಟ್ ಗಟ್ಟಿ ಇದ್ದರೆ ಮುಟ್ಟಬೇಡಿ.

ಪರೀಕ್ಷೆ ಹೀಗೆ. ಜ್ಯಾಕನ್ನು ಲೋವರ್ ಆರ್ಮ್ ಕೆಳಗೇ, ಬಾಲ್ ಜಾಯಿಂಟಿಗೆ ಆದಷ್ಟು ಹತ್ತಿರ ಇಟ್ಟು ಚಕ್ರ ಎತ್ತಿ. ಆಗ ಸ್ಪ್ರಿಂಗಿನ ಒತ್ತಡ ಜ್ಯಾಕಿನ ಮೇಲೆ ಬರುತ್ತದೆ, ಜಾಯಿಂಟ್ ಸಡಿಲಾಗುತ್ತದೆ. ಟೈರ್ ಕೆಳಗೆ ಉದ್ದದ ಸಬ್ಬಲು ಹಾಕಿ ಮೇಲಕ್ಕೆ ಮೀಟಿ; ಇನ್ನೊಬ್ಬರು ಟಾರ್ಚ್ ಹಿಡಿದು ಆರ್ಮಿಗೂ ನಕಲ್‌ಗೂ ನಡುವಿನ ಸಂದು ನೋಡುತ್ತಿರಲಿ. ಸಂದು ಕಣ್ಣಿಗೆ ಕಾಣುವಷ್ಟು ಹಿಗ್ಗಿ ಕುಗ್ಗಿದರೆ ಜಾಯಿಂಟ್ ಮುಗಿದಿದೆ ಅಂತಲೇ ಲೆಕ್ಕ. ಆಮೇಲೆ ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಆಟ ಇದ್ದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ಅದು ವೀಲ್ ಬೇರಿಂಗ್. ಉಳಿದರೆ ಬಾಲ್ ಜಾಯಿಂಟ್. ಮೇಲಿನದಾ ಕೆಳಗಿನದಾ ಅನ್ನುವುದು ಅಲ್ಲೇ ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ. ಎಡಬಲ ಹಿಡಿದು ಅಲುಗಾಡಿಸಿದಾಗ ಬರುವ ಆಟ ಹೆಚ್ಚಾಗಿ ಟೈ ರಾಡ್ ಎಂಡಿನದು, ಇಲ್ಲವೇ ಸ್ಟೀರಿಂಗ್ ರ‍್ಯಾಕ್ ಬುಷ್‌ನದು.

ಆ ಕಿಟ್ ಬೇಡ. ಬೇರೆ ಯಾವ ಭಾಗದಲ್ಲಾದರೂ ದುಡ್ಡು ಉಳಿಸಿ, ಇದರಲ್ಲಿ ಮಾತ್ರ ಉಳಿಸಬೇಡಿ. ಟೊಯೊಟಾ ಕೌಂಟರಿನಲ್ಲಿ ಎಡದ್ದು ಒಂದು, ಬಲದ್ದು ಒಂದು, ಹೊಸ ಬೋಲ್ಟ್ ಎಂಟು, ಸ್ಪ್ಲಿಟ್ ಪಿನ್ ನಾಲ್ಕು ತಗೊಳ್ಳಿ. ಎಡ ಬಲ ಬೇರೆ ಬೇರೆ ಯಾಕೆಂದರೆ ಸ್ಟೀರಿಂಗ್ ಆರ್ಮ್ ಈ ಜಾಯಿಂಟಿನ ಮೈಯಲ್ಲೇ ಇದೆ, ಟೈ ರಾಡ್ ಎಂಡ್ ಬಂದು ಸೇರುವುದೂ ಅದಕ್ಕೇ.

ಹದಿನಾಲ್ಕರ_ಪಾನ

ಕೆಲಸದ ಕ್ರಮ ಬೇರೆಯಾಗಿ ಬರೆಯುತ್ತಿದ್ದೇನೆ, ಮೇಲಿನದು ಉದ್ದವಾಯಿತು.

ಕ್ಯಾಂಪರ್ ಇಳಿಸಬೇಕಿಲ್ಲ. ಛಾವಣಿ ಮಡಚಿ, ನೀರಿನ ಟ್ಯಾಂಕ್ ಖಾಲಿ ಮಾಡಿ, ಸಮತಟ್ಟಾದ ಕಾಂಕ್ರೀಟ್ ಮೇಲೆ ನಿಲ್ಲಿಸಿ. ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಟ್ಟೆ ಕೊಡಿ. ಒಳಗೆ ಯಾರೂ ಇರಬಾರದು. ಮುಂದಿನ ಎರಡೂ ಚಕ್ರ ಒಟ್ಟಿಗೇ ಎತ್ತಿ ಫ್ರೇಮ್ ಕೆಳಗೆ ಸ್ಟ್ಯಾಂಡ್ ಕೊಡಿ. ಒಂದೇ ಕಡೆ ಎತ್ತಿದರೆ ಎರಡೂ ಕಡೆಯನ್ನು ಜೋಡಿಸುವ ಸ್ವೇ ಬಾರ್ ಆ ಕಡೆಯ ಆರ್ಮನ್ನು ಎಳೆದು ಹಿಡಿಯುತ್ತದೆ, ಆಮೇಲೆ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ. ಚಕ್ರ ಬಿಚ್ಚಿ, ನಟ್ 21ರ ಸಾಕೆಟ್.

ಟೈ ರಾಡ್ ಎಂಡಿನ ಸ್ಪ್ಲಿಟ್ ಪಿನ್ ತೆಗೆದು ನಟ್ ಸಡಿಲಿಸಿ, ಆದರೆ ಪೂರ್ತಿ ಬಿಚ್ಚಬೇಡಿ. ಎರಡು ಮೂರು ಸುತ್ತು ಇರಲಿ. ಸ್ಟಡ್ ಹಾದುಹೋಗುವ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಿಂದ ಜೋರಾಗಿ ಎರಡೇಟು ಹಾಕಿದರೆ ಟೇಪರ್ (ತುದಿಗೆ ಸಪೂರವಾಗುವ ಭಾಗದ ಹಿಡಿತ) ಬಿಟ್ಟುಕೊಳ್ಳುತ್ತದೆ. ಸ್ಟಡ್ ತಲೆಗೆ ಹೊಡೆಯಬೇಡಿ, ಥ್ರೆಡ್ ಚಪ್ಪಟೆಯಾಗುತ್ತದೆ. ಫೋರ್ಕ್ (ಕವಲಿನ ಬೆಣೆ) ಬಳಸಿದರೆ ಬೂಟ್ ಹರಿಯುತ್ತದೆ. ಟೈ ರಾಡ್ ಮತ್ತೆ ಬಳಸುವುದಿದ್ದರೆ ಪುಲ್ಲರ್ ಒಳ್ಳೆಯದು.

ಲೋವರ್ ಆರ್ಮ್ ಕೆಳಗೆ ಜ್ಯಾಕ್ ತಾಗಿಸಿ ಇಡಿ. ಎತ್ತಲು ಅಲ್ಲ, ಆರ್ಮ್ ಥಟ್ಟನೆ ಬೀಳದಿರಲಿ ಅಂತ. ಕೆಳಗಿನ ಕ್ಯಾಸಲ್ ನಟ್ಟಿನ (ಪಿನ್ ಕೂರಲು ಕಚ್ಚುಗಳಿರುವ ನಟ್) ಪಿನ್ ತೆಗೆದು ನಟ್ಟನ್ನು ಸ್ಟಡ್ ತುದಿಯ ತನಕ ತನ್ನಿ. ಈಗ ನಕಲ್ ತಳದ ನಾಲ್ಕು ಬೋಲ್ಟು, 14ರ ಸಾಕೆಟ್. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಪೆನಟ್ರೇಟಿಂಗ್ ಆಯಿಲ್ ಹೊಡೆದಿಡಿ. ಇಂಪ್ಯಾಕ್ಟ್ ಗನ್ನಿನಿಂದ ಒಂದೇ ಸಲಕ್ಕೆ ತಿರುವಿದರೆ ಬೋಲ್ಟ್ ತುಂಡಾಗುವ ಅಪಾಯ ಇದೆ, ಉದ್ದದ ಬ್ರೇಕರ್ ಬಾರಿನಲ್ಲಿ ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ.

ಬೋಲ್ಟ್ ಬಂದ ಮೇಲೆ ನಕಲ್ ಮೇಲಿನ ಜಾಯಿಂಟಿನಿಂದ ನೇತಾಡುತ್ತದೆ. ಅದು ಹೊರಕ್ಕೆ ವಾಲದಂತೆ ತಂತಿಯಿಂದ ಕಟ್ಟಿ. ಫೋರ್ ವೀಲ್ ಡ್ರೈವಿನಲ್ಲಿ ಎಲ್ಲರೂ ಮರೆಯುವ ಜಾಗ ಇದೇ: ನಕಲ್ ಹೊರಗೆ ವಾಲಿದರೆ ಡ್ರೈವ್ ಶಾಫ್ಟಿನ ಒಳಗಿನ ಸಿವಿ ಜಾಯಿಂಟ್ (ಶಾಫ್ಟ್ ಬಾಗಿದರೂ ತಿರುಗಲು ಬಿಡುವ ಕೀಲು) ಎಳೆದು ಬಿಚ್ಚಿಕೊಳ್ಳುತ್ತದೆ, ಬ್ರೇಕ್ ಹೋಸ್ ಬಿಗಿಯುತ್ತದೆ. ಆಮೇಲೆ ಆರ್ಮಿನ ಕಣ್ಣಿಗೆ ಪಕ್ಕದಿಂದ ಸುತ್ತಿಗೆ ಕೊಟ್ಟು ಸ್ಟಡ್ ಬಿಡಿಸಿ, ಹಳೇ ಜಾಯಿಂಟ್ ಹೊರಗೆ ತೆಗೆಯಿರಿ. ಕೈಯಲ್ಲಿ ಸ್ಟಡ್ ತಿರುಗಿಸಿ ನೋಡಿ. ಹೊಸದು ಬಿಗಿಯಾಗಿ, ಒಂದೇ ಸಮ ತಿರುಗುತ್ತದೆ. ಸತ್ತದ್ದು ತನ್ನ ಭಾರಕ್ಕೇ ವಾಲಿಬಿಡುತ್ತದೆ.

ನಕಲ್‌ನ ಥ್ರೆಡ್ಡುಗಳನ್ನು ತಂತಿ ಬ್ರಶ್, ಬ್ರೇಕ್ ಕ್ಲೀನರ್ ಹಾಕಿ ಸ್ವಚ್ಛ ಮಾಡಿ. ಆರ್ಮಿನ ಟೇಪರ್ ತೂತಿನಲ್ಲಿ ಎಣ್ಣೆ, ಗ್ರೀಸ್ ಏನೂ ಇರಬಾರದು. ಟೇಪರ್ ಹಿಡಿಯುವುದು ಒಣಗಿದ್ದಾಗಲೇ. ಹೊಸ ಜಾಯಿಂಟನ್ನು ಮೊದಲು ನಕಲ್‌ಗೆ ಕೂರಿಸಿ. ನಾಲ್ಕೂ ಬೋಲ್ಟನ್ನು ಕೈಯಲ್ಲೇ ಪೂರ್ತಿ ತಿರುಗಿಸಿ ಆಮೇಲೆ ಅಡ್ಡಡ್ಡವಾಗಿ ಬಿಗಿಯಿರಿ, 59 ಫೂಟ್ ಪೌಂಡ್, ಅಂದರೆ 80 ನ್ಯೂಟನ್ ಮೀಟರ್. ಜ್ಯಾಕಿನಿಂದ ಆರ್ಮನ್ನು ನಿಧಾನ ಎತ್ತಿ ಸ್ಟಡ್ ಟೇಪರಿನೊಳಗೆ ಕೂರಿಸಿ. ಜ್ಯಾಕಿನ ಒತ್ತು ಇದ್ದರೆ ನಟ್ ಬಿಗಿಯುವಾಗ ಸ್ಟಡ್ ಜೊತೆಗೆ ತಿರುಗುವುದಿಲ್ಲ. ಕ್ಯಾಸಲ್ ನಟ್ 103 ಫೂಟ್ ಪೌಂಡ್, 140 ನ್ಯೂಟನ್ ಮೀಟರ್. ಪಿನ್ನಿನ ತೂತು ಸೇರದಿದ್ದರೆ ಇನ್ನಷ್ಟು ಬಿಗಿದು ಸೇರಿಸಿ, ಯಾವ ಕಾರಣಕ್ಕೂ ಹಿಂದಕ್ಕೆ ಸಡಿಲಿಸಬೇಡಿ. ಟೈ ರಾಡ್ ಸೇರಿಸಿ ಅದಕ್ಕೂ ಹೊಸ ಪಿನ್ ಹಾಕಿ. ಚಕ್ರದ ನಟ್ 83 ಫೂಟ್ ಪೌಂಡ್.

ಕೆಂಪುಮಣ್ಣು

ಮೇಲೆ ಹೇಳಿದ್ದೆಲ್ಲ ಸರಿ. ಬೋಲ್ಟ್ ವಿಷಯದಲ್ಲಿ ಮಾತ್ರ ನನ್ನದೊಂದು ಪ್ರಶ್ನೆ. ಹಳೇ ಬೋಲ್ಟ್ ನೆಟ್ಟಗಿದ್ದರೆ ಸ್ವಚ್ಛ ಮಾಡಿ ನೀಲಿ ಥ್ರೆಡ್ ಲಾಕರ್ ಹಚ್ಚಿ ಹಾಕಿದರೆ ಏನು ತೊಂದರೆ? ಊರಲ್ಲಿ ಬೊಲೆರೊ, ಸುಮೋಗೆಲ್ಲ ಹಾಗೇ ಮಾಡುತ್ತಾರೆ.

ಹದಿನಾಲ್ಕರ_ಪಾನ

ಬೊಲೆರೊ, ಸುಮೋ ಲೆಕ್ಕ ಇಲ್ಲಿಗೆ ತರಬೇಡಿ ಸರ್. ಇಲ್ಲಿ ಗಾಡಿಯ ಆ ಮೂಲೆಯ ತೂಕವೆಲ್ಲ ಆ ನಾಲ್ಕು ಬೋಲ್ಟುಗಳನ್ನು ಉದ್ದಕ್ಕೆ ಎಳೆಯುತ್ತದೆ. ಅದೂ ಒಂದೇ ಸಮ ಅಲ್ಲ, ರಸ್ತೆಯ ಪ್ರತಿ ಗುಂಡಿಗೂ ಎಳೆದು ಬಿಡುತ್ತದೆ. ಹಳೇ ಬೋಲ್ಟ್ ಹಿಗ್ಗಿದೆಯಾ, ಕುತ್ತಿಗೆಯಲ್ಲಿ ಸೀಳಿದೆಯಾ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಹೊಸದರಲ್ಲಿ ಲಾಕರ್ ಮೊದಲೇ ಹಚ್ಚಿ ಬಂದಿರುತ್ತದೆ, ಹಾಗೇ ಹಾಕಿದರಾಯಿತು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬೋಲ್ಟ್ ಅಳತೆಗೆ ಕೂತರೂ ಬೇಡ, ಅದರ ಗಟ್ಟಿತನ ಬೇರೆ.

ಇನ್ನೊಂದು ಮಾತು: ಊರಿನಲ್ಲಿ ಲೇತ್ ಅಂಗಡಿಗೆ ಕೊಟ್ಟು ಹಳೇ ಬಾಲ್ ಜಾಯಿಂಟಿಗೆ ಬಟ್ಟಲು ಬದಲಿಸಿಕೊಳ್ಳುವ ಅಭ್ಯಾಸ ಇದೆ. ಎಳೆತದ ಮೇಲೆ ಕೆಲಸ ಮಾಡುವ ಜಾಯಿಂಟಿಗೆ ಅದನ್ನು ಎಲ್ಲೂ ಮಾಡಿಸಬೇಡಿ.

ಪ್ರಾಡೊ_ಆಕ್ಲೆಂಡ್

ನ್ಯೂಜಿಲೆಂಡಿನ ಕಡೆಯಿಂದ. 90 ಸೀರೀಸ್ ಪ್ರಾಡೊ, 185 ಹೈಲಕ್ಸ್ ಸರ್ಫ್ ಎರಡರಲ್ಲೂ ಇದೇ ವಿನ್ಯಾಸ, ಇದೇ ಕಾಯಿಲೆ. ಇಲ್ಲಿ ಅವನ್ನು ಕ್ಯಾಂಪರ್ ಮಾಡಿಕೊಂಡವರು ಬಹಳ. ಮೂಲ ಟೊಯೊಟಾ ಭಾಗ ಸಿಗದಿದ್ದರೆ ಜಪಾನಿನ 555 ಬ್ರಾಂಡ್ ನಂಬಬಹುದು. ಹೆಸರಿಲ್ಲದ ಡಬ್ಬಿಯಲ್ಲಿ ಬರುವುದು ಬೇಡ.

ತೂಕದ ಬಗ್ಗೆ ಒಂದು ಮಾತು. ಕ್ಯಾಂಪರ್ ಭಾರದಿಂದ ಜಾಯಿಂಟ್ ಸವೆಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ಆ ಭಾರದ ಹೆಚ್ಚಿನ ಪಾಲು ಹಿಂದಿನ ಆಕ್ಸಲ್ ಮೇಲೆ ಕೂರುತ್ತದೆ. ಮುಂದಿನ ಜಾಯಿಂಟನ್ನು ತಿನ್ನುವುದು ನಿಮ್ಮ ಸ್ಟೀಲ್ ಬಂಪರ್ ಮತ್ತು ವಿಂಚ್, ಅಳತೆ ಮೀರಿದ ಟೈರು, ಹೊರಗೆ ಚಾಚಿದ ರಿಮ್ಮು, ಭಾರದ ಗಾಡಿಯನ್ನು ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಹಾಕಿ ಇಳಿಸುವುದು. ಗಾಡಿ ಎತ್ತರಿಸಿದ್ದರೆ ಸ್ಟಡ್ ಸದಾ ಓರೆಯಲ್ಲೇ ನಿಂತಿರುತ್ತದೆ, ಬೂಟ್ ಒಂದೇ ಕಡೆ ಎಳೆದುಕೊಂಡು ಬೇಗ ಹರಿಯುತ್ತದೆ. ಎಷ್ಟು ಇಂಚು ಎತ್ತರಿಸಿದ್ದೀರಿ?

ಚಕ್ರ ಬಿಚ್ಚಿದಾಗಲೇ ಸಿವಿ ಬೂಟು, ಲೋವರ್ ಆರ್ಮ್ ಬುಷ್, ಸ್ಟೀರಿಂಗ್ ರ‍್ಯಾಕ್ ಬುಷ್ ನೋಡಿಬಿಡಿ. ಈ ಗಾಡಿಗಳಲ್ಲಿ ರ‍್ಯಾಕ್ ಬುಷ್ ಸತ್ತಿದ್ದರೆ ಹೊಸ ಜಾಯಿಂಟ್ ಹಾಕಿದ ಮೇಲೂ ಸ್ಟೀರಿಂಗ್ ತೇಲುತ್ತದೆ, ಜನ ಜಾಯಿಂಟನ್ನು ಬೈಯುತ್ತಾರೆ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ. ಸ್ಟೀರಿಂಗ್ ಆರ್ಮ್ ಹೊಸದಾಗಿರುವುದರಿಂದ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸ್ವಲ್ಪವಾದರೂ ಬದಲಾಗುತ್ತದೆ. ಕ್ಯಾಂಪರ್ ಹೊತ್ತ ಸ್ಥಿತಿಯಲ್ಲೇ ಮಾಡಿಸಿ, ಇಳಿಸಿ ಮಾಡಿಸಿದರೆ ಮುಂದಿನ ಎತ್ತರ ಬದಲಾಗಿ ಲೆಕ್ಕ ತಪ್ಪುತ್ತದೆ.

ಕೊಲೊರಾಡೊ_ಕನ್ನಡಿಗ

ಎಲ್ಲರಿಗೂ ಧನ್ಯವಾದ. ಎತ್ತರಿಸಿರುವುದು ಎರಡೂವರೆ ಇಂಚು. ಹೇಳಿದ ಹಾಗೆ ಸಬ್ಬಲು ಹಾಕಿ ನೋಡಿದೆ: ಎಡಗಡೆ ಸಂದು ಚೆನ್ನಾಗಿ ಕಾಣುವಷ್ಟು ಅಲುಗುತ್ತಿದೆ, ಬಲಗಡೆ ಸ್ವಲ್ಪ. ಮೇಲಿನವು ಎರಡೂ ಗಟ್ಟಿ ಇವೆ, ಬೂಟೂ ಹರಿದಿಲ್ಲ. ಎರಡೂ ಕಡೆಯ ಲೋವರ್ ಟೊಯೊಟಾದಿಂದಲೇ ಆರ್ಡರ್ ಮಾಡಿದೆ, ಬೋಲ್ಟ್ ಸಮೇತ.

ಇನ್ನೆರಡು ಪ್ರಶ್ನೆ. ನಕಲ್‌ನ ಥ್ರೆಡ್ ಕೆಟ್ಟಿದ್ದರೆ ಏನು ಮಾಡುವುದು? ವೈಟ್ ರಿಮ್‌ಗೆ ಹಳೇದನ್ನು ಸ್ಪೇರ್ ಅಂತ ಇಟ್ಟುಕೊಳ್ಳಲಾ?

ಹದಿನಾಲ್ಕರ_ಪಾನ

ಥ್ರೆಡ್ ತುಕ್ಕಿನಿಂದ ಬರೀ ಒರಟಾಗಿದ್ದರೆ ಸರಿ ಅಳತೆಯ ಟ್ಯಾಪ್ ಹಾಯಿಸಿದರೆ ಸಾಕು. ಲೋಹವೇ ಕಿತ್ತು ಬೋಲ್ಟಿನ ಜೊತೆ ಬಂದಿದ್ದರೆ ಆ ನಕಲ್ ಬದಲಿಸುವುದೇ ಸರಿ, ಗುಜರಿಯಲ್ಲಿ ಒಳ್ಳೆಯದು ಸಿಗುತ್ತದೆ. ಆ ಜಾಗಕ್ಕೆ ಥ್ರೆಡ್ ಇನ್ಸರ್ಟ್ (ಹೊಸ ಥ್ರೆಡ್ ಇರುವ ಒಳತುಂಡು) ಹಾಕಿ ಅಂತ ನಾನು ಹೇಳಲಾರೆ.

ಹಳೇದು ಸ್ಪೇರ್ ಅಲ್ಲ, ಎಸೆದುಬಿಡಿ. ವೈಟ್ ರಿಮ್ ಸುತ್ತು ಸುಮಾರು 100 ಮೈಲಿ, ನಡುವೆ ಸಹಾಯ ಸಿಗುವುದು ಕಷ್ಟ. ಹೊರಡುವ ಮೊದಲು ಊರ ಸುತ್ತ ನೂರೈವತ್ತು ಮೈಲಿ ಓಡಿಸಿ, ಟಾರ್ಕ್ ರೆಂಚ್ ಹಿಡಿದು ನಾಲ್ಕೂ ಬೋಲ್ಟು ಅಲುಗುತ್ತವಾ ನೋಡಿ. ಬಿಗಿದ ಮೇಲೆ ಬೋಲ್ಟ್ ತಲೆಯಿಂದ ಜಾಯಿಂಟಿನ ಮೈಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆದಿಡಿ. ದಾರಿಯಲ್ಲಿ ಪ್ರತಿ ಸಂಜೆ ಟಾರ್ಚ್ ಬಿಟ್ಟು ನೋಡಿದರೆ ಸಾಕು, ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಅಂತ. 14ರ ಸಾಕೆಟ್, ಬ್ರೇಕರ್ ಬಾರ್, ಎರಡು ಬೋಲ್ಟ್, ನಾಲ್ಕು ಸ್ಪ್ಲಿಟ್ ಪಿನ್ ಜೊತೆಗಿರಲಿ.