ಅಜ್ಜನ ಸೈಕಲ್ಲಿಗೆ ಬಣ್ಣ: ಹಳೇದನ್ನೆಲ್ಲ ಕೀಳಬೇಡ

ಪುಟ್ಟಾ, ಸ್ವಲ್ಪ ಉದ್ದ ಆಗುತ್ತೆ, ಕೇಳಿಸಿಕೋ. ಗ್ರೂಪಿನಲ್ಲಿ ಆಸಕ್ತಿ ಇಲ್ಲದವರು ಮುಂದಿನ ಮೆಸೇಜಿಗೆ ಹೋಗಬಹುದು.

ನೀನು ಕೇಳಿದ್ದು, ಕೊಟ್ಟಿಗೆಯಲ್ಲಿ ನಿಂತಿರೋ ಅಜ್ಜನ ಕರಿ ಸೈಕಲ್ಲಿಗೆ ಸಾಗರದ ಮನೆಯಲ್ಲೇ ಸ್ಪ್ರೇ ಹೊಡೆದು ಆಯುಧಪೂಜೆ ಹೊತ್ತಿಗೆ ತಯಾರು ಮಾಡಬಹುದಾ ಅಂತ. ಚಿಕ್ಕಪ್ಪ ಪೇಂಟ್ ರಿಮೂವರ್ ಹಾಕಿ ಎಲ್ಲ ಕಿತ್ತುಬಿಡು ಅಂದರು. ಭಾವ ಪೌಡರ್ ಕೋಟಿಂಗಿಗೆ (ಪುಡಿ ಬಣ್ಣ ಹಾಕಿ ಬೇಯಿಸೋದು) ಕೊಡು ಅಂದರು. ಇಬ್ಬರ ಮಾತನ್ನೂ ನಾನು ಒಪ್ಪಲ್ಲ.

ಪೌಡರ್ ಕೋಟಿಂಗ್ ಗಟ್ಟಿ, ನಿಜ. ಆದರೆ ಅದನ್ನು 180ರಿಂದ 200 ಡಿಗ್ರಿ ಬಿಸಿ ಒಲೆಯಲ್ಲಿ ಬೇಯಿಸುತ್ತಾರೆ. ಅದಕ್ಕೂ ಮುಂಚೆ ಫ್ರೇಮನ್ನು ಬೋಳು ಮಾಡುತ್ತಾರೆ. ಚಿನ್ನದ ಬಣ್ಣದ ಗೆರೆ, ಮುಂದಿನ ಕಂಪನಿ ಬಿಲ್ಲೆ ಎಲ್ಲ ಹೋಗುತ್ತೆ. ಅಜ್ಜನ ಸೈಕಲ್ ಅನ್ನೋ ಗುರುತೇ ಹೋದಮೇಲೆ ಹೊಸದನ್ನೇ ತಗೋಬಹುದಲ್ವಾ?

ಚಿಕ್ಕಪ್ಪನ ಮಾತಿಗೆ ಉತ್ತರ ಹೇಳೋದು ಸ್ವಲ್ಪ ಜಾಸ್ತಿ ಇದೆ. ಕಾರ್ಖಾನೆಯಲ್ಲಿ ಬೇಯಿಸಿ ಹಾಕಿದ ಬಣ್ಣ ಕಬ್ಬಿಣಕ್ಕೆ ಹಿಡಿದುಕೊಂಡಿರೋ ಹಾಗೆ ನಮ್ಮ ಡಬ್ಬದ ಬಣ್ಣ ಯಾವತ್ತೂ ಹಿಡಿಯಲ್ಲ. ಅದು ಗಟ್ಟಿಯಾಗಿ ಕೂತಿರೋ ಕಡೆ ಕೀಳೋದು ಅಂದರೆ ಒಳ್ಳೆ ತಳಪಾಯ ಒಡೆದ ಹಾಗೆ. ಉಜ್ಜಿ ಹೊಳಪು ತೆಗೆದರೆ ಸಾಕು, ಹೊಸ ಬಣ್ಣಕ್ಕೆ ಹಿಡಿತ ಸಿಗುತ್ತೆ.

ಆದರೆ ಒಂದು ಪರೀಕ್ಷೆ ಮೊದಲು ಮಾಡು. ಸೀಟಿನ ಕೆಳಗೆ, ಕಣ್ಣಿಗೆ ಬೀಳದ ಕಡೆ, ಥಿನ್ನರ್ ಅದ್ದಿದ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿ. ಏನೂ ಆಗದಿದ್ದರೆ ಅದು ಕಾರ್ಖಾನೆ ಬಣ್ಣ, ಬಿಟ್ಟುಬಿಡು. ಬಣ್ಣ ಮೆತ್ತಗಾದರೆ, ಬಟ್ಟೆಗೆ ಬಂದರೆ, ಯಾರೋ ಆಮೇಲೆ ಬ್ರಷ್ಷಲ್ಲಿ ಬಳಿದದ್ದು. ಅದರ ಮೇಲೆ ಸ್ಪ್ರೇ ಹೊಡೆದರೆ ಒಳಗಿನ ಪದರ ಉಬ್ಬಿ ಸುಕ್ಕುಸುಕ್ಕಾಗುತ್ತೆ. ಆ ಪದರ ಮಾತ್ರ ತೆಗೆಯಲೇಬೇಕು. ಅಷ್ಟರಮಟ್ಟಿಗೆ ಚಿಕ್ಕಪ್ಪ ಗೆದ್ದರು!

ಬಿಚ್ಚುವ ಮುಂಚೆ ರಾಡ್ ಬ್ರೇಕಿನ ಫೋಟೋ ನಾಲ್ಕು ಕಡೆಯಿಂದ ತೆಗೆದಿಡು. ಆ ಕಡ್ಡಿಗಳನ್ನು ವಾಪಸ್ ಜೋಡಿಸೋದು ಬಣ್ಣ ಹೊಡೆಯೋದಕ್ಕಿಂತ ಕಷ್ಟ. ಪೆಡಲ್ ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯೋ ಕಾಟರ್ ಪಿನ್ ಸೈಕಲ್ ಶಾಪಲ್ಲೇ ತೆಗೆಸು, ಸುತ್ತಿಗೆಯಲ್ಲಿ ಸುಮ್ನೆ ಬಡಿದರೆ ಬಾಗುತ್ತೆ. ಮುಂದಿನ ಚಕ್ರ ಹಿಡಿಯೋ ಫೋರ್ಕ್ ಇಳಿಸುವಾಗ ಕೆಳಗೆ ಬಟ್ಟೆ ಹಾಸು, ಬೇರಿಂಗಿನ ಸಣ್ಣ ಗುಂಡುಗಳು ಉದುರುತ್ತವೆ. ಮುಂದಿನ ಬಿಲ್ಲೆ ರಿವೆಟ್ ಹೊಡೆದದ್ದು, ಕೀಳಬೇಡ. ಅದರ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಅಂಚಿಗೆ ಬ್ಲೇಡಿನಲ್ಲಿ ಕತ್ತರಿಸು. ಫೋರ್ಕ್ ಕೂರುವ ಹೆಡ್ ಟ್ಯೂಬಿನ ಬಾಯಿ, ಪೆಡಲ್ ಅಚ್ಚು ಕೂರುವ ಬಾಟಮ್ ಬ್ರಾಕೆಟ್ಟಿನ ಮರೆ (ಥ್ರೆಡ್), ಸೀಟ್ ಕೂರುವ ತೂತು, ಎಲ್ಲಕ್ಕೂ ಕಾಗದ ತುರುಕು. ಮರೆಯೊಳಗೆ ಬಣ್ಣ ಹೋದರೆ ಜೋಡಿಸುವಾಗ ಗೊತ್ತಾಗುತ್ತೆ ಅದರ ಕಾಟ.

ಇನ್ನು ಉಜ್ಜೋ ಕೆಲಸ. ತುಕ್ಕು ಹಿಡಿದ ಕಡೆ ತಂತಿ ಬ್ರಷ್, ಆಮೇಲೆ 120 ನಂಬರಿನ ಉಪ್ಪು ಕಾಗದ, ಹೊಳೆಯೋ ಕಬ್ಬಿಣ ಕಾಣೋವರೆಗೆ. ಉಳಿದ ಕಡೆಗೆ ನುಣುಪಾದ 320 ನಂಬರಿನದ್ದು ಸಾಕು. ತುಕ್ಕು ತೆಗೆದ ಜಾಗದ ಅಂಚು ಬೆರಳಿಗೆ ಮೆಟ್ಟಿಲ ಹಾಗೆ ತಗುಲಬಾರದು. ತಗುಲಿದರೆ ಮೇಲೆ ಎಷ್ಟು ಬಣ್ಣ ಹೊಡೆದರೂ ಕಾಣುತ್ತೆ. ನೀರು ಹಾಕಿಯೇ ಉಜ್ಜು. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಮನೆ ಬಣ್ಣಗಳಲ್ಲಿ 90 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 90 ಪಾಲು) ಜಾಸ್ತಿ ಸೀಸ ಇರಬಾರದು ಅನ್ನೋ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಒಣ ಧೂಳು ಮೂಗಿಗೆ ಹೋಗಬಾರದು, ಮಕ್ಕಳನ್ನು ಹತ್ತಿರ ಬಿಡಬೇಡ. ಮುಗಿದ ತಕ್ಷಣ ಒರೆಸಿ ಒಣಗಿಸು. ಬರೀ ಕಬ್ಬಿಣವನ್ನು ರಾತ್ರಿಯಿಡೀ ಬಿಟ್ಟರೆ ಮಲೆನಾಡ ಹವಾಗೆ ಬೆಳಿಗ್ಗೆ ಮತ್ತೆ ಕೆಂಪು. ಅವತ್ತೇ ಪ್ರೈಮರ್ (ಬಣ್ಣಕ್ಕೂ ಮುಂಚಿನ ತಳದ ಕೋಟು) ಬೀಳಬೇಕು.

ಹವಾ ಅಂದೆನಲ್ಲ, ಅಲ್ಲೇ ಇರೋದು ನಿಜವಾದ ತೊಂದರೆ. ಸೆಪ್ಟೆಂಬರಲ್ಲಿ ನಿಮ್ಮ ಕಡೆ ಮಳೆ ನಿಂತಿರಲ್ಲ. ಥಿನ್ನರ್ ಆರುವಾಗ ಲೋಹದ ಮೈ ತಣ್ಣಗಾಗುತ್ತೆ, ಗಾಳಿಯ ತೇವ ಅದರ ಮೇಲೆ ಕೂರುತ್ತೆ, ಹೊಳೆಯಬೇಕಾದ ಕರಿಬಣ್ಣ ಬೂದು ಮಬ್ಬಾಗುತ್ತೆ. ಎರಡು ದಿನ ಬಿಸಿಲು ಬಿದ್ದಮೇಲೆ, ಬೆಳಿಗ್ಗೆ ಹತ್ತರ ನಂತರ, ಅಂಗಳದಲ್ಲಿ ಹೊಡಿ. ಬಿಸಿಲಲ್ಲಿ ಅಲ್ಲ, ನೆರಳಲ್ಲಿ. ಹಬ್ಬಕ್ಕೆ ಮುಂಚೆ ಬಿಸಿಲು ಸಿಗಲಿಲ್ಲ ಅಂದರೆ ಸೈಕಲ್ ತೊಳೆದು, ಹೂ ಹಾಕಿ, ಹಾಗೇ ಪೂಜೆ ಮಾಡಿ. ನವೆಂಬರಲ್ಲಿ ಬಣ್ಣ ಹೊಡೆದರೆ ಅಜ್ಜ ಬೈಯಲ್ಲ.

ಎಷ್ಟು ಡಬ್ಬ ಬೇಕು ಅಂತಲೂ ನೀನು ಕೇಳಿದ್ದೆ. 400 ಎಂಎಲ್‌ದು ಪ್ರೈಮರ್ ಒಂದು, ಬಣ್ಣ ಎರಡು, ಕೊನೆಗೆ ಮೇಲೆ ಹೊಡೆಯೋ ಬಣ್ಣವಿಲ್ಲದ ಕ್ಲಿಯರ್ ಒಂದು. ಫ್ರೇಮಿಗೂ ಫೋರ್ಕಿಗೂ ಆಗುತ್ತೆ. ಎಲ್ಲ ಒಂದೇ ಕಂಪನಿಯದ್ದು ತಗೋ, ಒಂದರ ಮೇಲೊಂದು ಹೊಂದದೇ ಹೋಗೋ ಭಯ ಇರಲ್ಲ. ಡಬ್ಬದೊಳಗಿನ ಗುಂಡಿನ ಸದ್ದು ಬಂದಮೇಲೂ ಎರಡು ನಿಮಿಷ ಕುಲುಕು. ಫ್ರೇಮನ್ನು ಹಗ್ಗಕ್ಕೆ ನೇತುಹಾಕು. ಡಬ್ಬ ಫ್ರೇಮಿನ ಕೊಳವೆಯಿಂದ ಸುಮಾರು ಒಂದು ಅಡಿ ದೂರ ಇರಲಿ. ಗಾಳಿಯಲ್ಲೇ ಒತ್ತಲು ಶುರುಮಾಡಿ, ಕೊಳವೆ ದಾಟಿದ ಮೇಲೆ ಬೆರಳು ಬಿಡು. ಕೊಳವೆ ಮೇಲೆ ನಿಲ್ಲಿಸಿದರೆ ಸೋರುತ್ತೆ. ಮೊದಲು ಸಂದುಗೊಂದು, ತಳಭಾಗ. ಕೊನೆಗೆ ಎದುರಿಗೆ ಕಾಣೋ ಕಡೆ. ಮೊದಲ ಕೋಟಿನಲ್ಲಿ ಪ್ರೈಮರ್ ಇಣುಕುತ್ತಿರಬೇಕು. ಅದನ್ನು ನೋಡಿ ತಾಳ್ಮೆ ಕಳೆದುಕೊಂಡು ದಪ್ಪ ಹೊಡೆಯೋರೇ ಜಾಸ್ತಿ. ಹತ್ತು ಹದಿನೈದು ನಿಮಿಷಕ್ಕೊಂದು ತೆಳು ಕೋಟು. ಡಬ್ಬದ ಮೇಲಿನ ಸಣ್ಣ ಅಕ್ಷರ ಓದು. ಕೆಲವು ಎನಾಮೆಲ್‌ಗಳಿಗೆ ಒಂದು ಗಂಟೆಯೊಳಗೆ ಮುಗಿಸಬೇಕು, ಇಲ್ಲ ಒಂದು ದಿನ ಪೂರ್ತಿ ಬಿಡಬೇಕು. ನಡುವೆ ಹೊಡೆದರೆ ಸುಕ್ಕು.

ಅಕ್ಕಾ, ಇದು ನಿನಗೆ. ಅವನು ಸ್ಪ್ರೇ ಹಿಡಿದಾಗ ಬಚ್ಚಲ ಒಲೆ ಹತ್ತಿಸಬೇಡ. ಡಬ್ಬದಿಂದ ಬಣ್ಣವನ್ನು ಹೊರಗೆ ತಳ್ಳೋದು ಬೆಂಕಿ ಹಿಡಿಯೋ ಗ್ಯಾಸ್. ಬಟ್ಟೆ ಮಾಸ್ಕ್ ಥಿನ್ನರ್ ಆವಿಯನ್ನು ತಡೆಯಲ್ಲ, ಅದಕ್ಕೇ ಒಳಗೆ ಬೇಡ, ಅಂಗಳ ಅಂದದ್ದು.

ಕ್ಲಿಯರ್ ಆದಮೇಲೆ ಮುಟ್ಟಿದರೆ ಅಂಟಲ್ಲ, ಆದರೆ ಗಟ್ಟಿಯಾಗಿರಲ್ಲ. ಉಗುರಿನ ಗುರುತು ಬೀಳುತ್ತೆ. ಒಂದು ವಾರ ನೇತಾಡಲಿ. ಆಮೇಲೆ ಸೀಟ್ ಬೋಲ್ಟ್ ಬಿಗಿ ಮಾಡು. ಮಡ್‌ಗಾರ್ಡ್ ಬಗ್ಗೆ ಭಾವ ಕೇಳಿದ್ದರು. ಫೋಟೋದಲ್ಲಿ ತುಕ್ಕು ತೂತಾಗಿ ಆಚೆ ಬೆಳಕು ಕಾಣುತ್ತೆ, ಅದಕ್ಕೆ ಬಣ್ಣ ದಂಡ. ಹೊಸ ಜೋಡಿ ತಗೊಳ್ಳಿ. ಥಿನ್ನರ್ ಪರೀಕ್ಷೆ ಮಾಡಿ ಬಟ್ಟೆಯ ಫೋಟೋ ಹಾಕು, ಆಮೇಲೆ ಡಬ್ಬ ಕೊಳ್ಳು.