ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಖರೀದಿ: ಸಾಲಿಸಿಟರ್ ಆಯ್ಕೆ ಹೇಗೆ? ಊರಿಂದ ಬರುವ ಹಣಕ್ಕೆ ಏನೇನು ದಾಖಲೆ ಬೇಕು?

ಪ್ರಶ್ನೆ

ಇಂಗ್ಲೆಂಡಿನಲ್ಲಿ 350,000 ಪೌಂಡಿನ ಲೀಸ್‌ಹೋಲ್ಡ್ (ನಿಗದಿತ ವರ್ಷಗಳ ಗುತ್ತಿಗೆಯ ಮೇಲೆ ಸಿಗುವ) ಫ್ಲ್ಯಾಟಿಗೆ ನಾವು ಕೊಟ್ಟ ಆಫರ್ ಒಪ್ಪಿಗೆಯಾಗಿದೆ. ನಮ್ಮ ಕಡೆಯ ಸಾಲಿಸಿಟರನ್ನೇ (ಖರೀದಿಯ ಕಾನೂನು ಕೆಲಸ ನೋಡುವ ವಕೀಲರು) ಹಿಡಿಯಿರಿ, ಕೆಲಸ ಬೇಗ ಆಗುತ್ತೆ ಅಂತ ಎಸ್ಟೇಟ್ ಏಜೆಂಟ್ ಒತ್ತಾಯ ಮಾಡ್ತಿದ್ದಾರೆ. ಆನ್‌ಲೈನಿನಲ್ಲಿ ಅದರ ಅರ್ಧ ಫೀಸಿಗೆ ಮಾಡಿಕೊಡುವವರೂ ಇದ್ದಾರೆ. ಡಿಪಾಸಿಟ್‌ನ ಒಂದು ಭಾಗ, ಅಪ್ಪ ಮೈಸೂರಿನ ಸೈಟ್ ಮಾರಿ ಕಳಿಸುವ ಹಣ. ಊರಿನ ಮನೆ ಅಣ್ಣನ ಮತ್ತು ನನ್ನ ಹೆಸರಲ್ಲಿ ಜಂಟಿಯಾಗಿದೆ. ಯಾರನ್ನು ಆರಿಸಿಕೊಳ್ಳಬೇಕು, ಈಗಿನಿಂದಲೇ ಏನು ಸಿದ್ಧ ಮಾಡಿಟ್ಟುಕೊಳ್ಳಬೇಕು?

ಉತ್ತರ 1

ಏಜೆಂಟ್ ಹೇಳಿದವರನ್ನೇ ತೆಗೆದುಕೊಳ್ಳಬೇಕೆಂಬ ನಿಯಮ ಎಲ್ಲೂ ಇಲ್ಲ. ಅವರಿಗೆ ರೆಫರಲ್ ಫೀ (ಗ್ರಾಹಕರನ್ನು ಕಳಿಸಿದ್ದಕ್ಕೆ ಸಾಲಿಸಿಟರ್ ಕೊಡುವ ಹಣ) ಹೋಗುತ್ತಿರಬಹುದು, ಎಷ್ಟು ಅಂತ ಇಮೇಲಿನಲ್ಲೇ ಕೇಳಿ. ಏಜೆಂಟಿಗೆ ಕಮಿಷನ್ ಕೊಡುವುದು ಮಾರುವವರು ಅನ್ನುವುದೂ ಗಮನದಲ್ಲಿರಲಿ.

ಸಾಲಿಸಿಟರ್ ಆದರೆ ಎಸ್‌ಆರ್‌ಎ (ಸಾಲಿಸಿಟರುಗಳ ನಿಯಂತ್ರಣ ಸಂಸ್ಥೆ) ನೋಂದಣಿಯಲ್ಲಿ, ಲೈಸೆನ್ಸ್ಡ್ ಕನ್ವೇಯನ್ಸರ್ (ಆಸ್ತಿ ವರ್ಗಾವಣೆಯ ಕೆಲಸಕ್ಕೆ ಪರವಾನಗಿ ಪಡೆದವರು) ಆದರೆ ಅವರ ನಿಯಂತ್ರಣ ಸಂಸ್ಥೆ ಸಿಎಲ್‌ಸಿಯ ನೋಂದಣಿಯಲ್ಲಿ ಹೆಸರು ಹುಡುಕಿ. ಮನೆ ಖರೀದಿಗೆ ಇಬ್ಬರಲ್ಲಿ ಯಾರಾದರೂ ಆದೀತು. ಆಮೇಲೆ ಮೊದಲ ಪ್ರಶ್ನೆ: ನಿಮಗೆ ಸಾಲ ಕೊಡುವ ಬ್ಯಾಂಕಿನ ಪ್ಯಾನೆಲ್‌ನಲ್ಲಿ, ಅಂದರೆ ಬ್ಯಾಂಕ್ ಒಪ್ಪಿದ ವಕೀಲರ ಪಟ್ಟಿಯಲ್ಲಿ, ಇವರು ಇದ್ದಾರಾ? ಇಲ್ಲದಿದ್ದರೆ ಬ್ಯಾಂಕ್ ತನಗೇ ಬೇರೆ ವಕೀಲರನ್ನು ನೇಮಿಸಿಕೊಳ್ಳುತ್ತದೆ. ಆ ಖರ್ಚೂ ನಿಮ್ಮದೇ, ತಡವೂ ನಿಮ್ಮದೇ.

ಎರಡನೆಯದು ನನ್ನ ಪ್ರಕಾರ ಫೀಸಿಗಿಂತ ಮುಖ್ಯ. ಫೈಲ್ ನೋಡುವವರು ಯಾರು? ಹೆಸರು, ನೇರ ಫೋನ್ ನಂಬರ್, ಅವರು ರಜೆ ಹಾಕಿದರೆ ಯಾರು ನೋಡುತ್ತಾರೆ, ಲೀಸ್‌ಹೋಲ್ಡ್ ಕೆಲಸ ಎಷ್ಟು ಮಾಡಿದ್ದಾರೆ, ಇಷ್ಟನ್ನು ಕೇಳಿ. ಅಗ್ಗದ ಕಡೆ ಬಹಳ ಸಲ ಹೆಸರೇ ಸಿಗುವುದಿಲ್ಲ, ಒಂದು ಕಾಲ್ ಸೆಂಟರ್ ಮತ್ತು ಪೋರ್ಟಲ್ ಮಾತ್ರ ಇರುತ್ತದೆ. ಲೀಸ್‌ಹೋಲ್ಡ್ ಫ್ಲ್ಯಾಟಿಗೆ ಅದು ಸಾಲದು.

ಅರ್ಧ ಫೀಸು ಅಂದದ್ದು ಕೊನೆಗೆ ಅರ್ಧವಾಗಿಯೇ ಉಳಿಯುವುದು ಅಪರೂಪ. ಮೂಲ ಫೀಸಿನ ಮೇಲೆ 20% ವ್ಯಾಟ್, ಲೀಸ್‌ಹೋಲ್ಡ್ ಹೆಚ್ಚುವರಿ, ಮಾರ್ಟ್‌ಗೇಜ್ ಕೆಲಸದ ಫೀಸು, ಗಿಫ್ಟ್ ಹಣದ ಪರಿಶೀಲನೆ, ಬ್ಯಾಂಕ್ ವರ್ಗಾವಣೆ, ಸ್ಟ್ಯಾಂಪ್ ಡ್ಯೂಟಿ ರಿಟರ್ನ್ ಸಲ್ಲಿಕೆ, ಗುರುತು ಪರಿಶೀಲನೆ, ಒಂದೊಂದಾಗಿ ಸೇರುತ್ತಾ ಹೋಗುತ್ತವೆ. ಇವೆಲ್ಲವನ್ನೂ ಬಿಡಿಬಿಡಿಯಾಗಿ ಬರೆದ ಕೊಟೇಶನ್ ಮೂವರಿಂದ ತರಿಸಿ, ಕೊನೆಯ ಮೊತ್ತ ಹೋಲಿಸಿ. ಖರೀದಿ ಮಧ್ಯದಲ್ಲಿ ಮುರಿದುಬಿದ್ದರೆ ಎಷ್ಟು ಕೊಡಬೇಕು ಎಂಬುದೂ ಅದರಲ್ಲಿ ಇರಲಿ.

ಉತ್ತರ 2

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಕಾಣುತ್ತಿರುವುದು ಊರಿನ ಮನೆಯ ವಿಷಯ. ಅದನ್ನು ಸಾಲಿಸಿಟರಿಗೆ ಮೊದಲ ದಿನವೇ ಹೇಳಿ. ಸ್ಟ್ಯಾಂಪ್ ಡ್ಯೂಟಿಯಲ್ಲಿ ಮೊದಲ ಬಾರಿ ಕೊಳ್ಳುವವರು ಅಂದರೆ ಪ್ರಪಂಚದಲ್ಲಿ ಎಲ್ಲೂ, ಪಿತ್ರಾರ್ಜಿತವಾಗಿಯೂ, ವಾಸದ ಮನೆಯ ಒಡೆತನ ಎಂದೂ ಇರದವರು. ಇಬ್ಬರು ಸೇರಿ ಕೊಳ್ಳುವುದಾದರೆ ಇಬ್ಬರೂ ಹಾಗೇ ಇರಬೇಕು. ಖಾಲಿ ಸೈಟ್ ಲೆಕ್ಕಕ್ಕೆ ಬರುವುದಿಲ್ಲ, ಮನೆ ಬರುತ್ತದೆ.

2025ರ ಏಪ್ರಿಲ್ 1ರಿಂದ ಇರುವ ದರದಲ್ಲಿ 350,000 ಪೌಂಡಿಗೆ ಲೆಕ್ಕ ಹಾಕಿ ನೋಡಿ. ಮೊದಲ ಬಾರಿ ಕೊಳ್ಳುವವರಿಗೆ 2,500 ಪೌಂಡ್. ಆ ರಿಯಾಯಿತಿ ಇಲ್ಲದಿದ್ದರೆ 7,500. ಹೆಚ್ಚುವರಿ ಮನೆ ಅಂತ ಆದರೆ ಪೂರ್ತಿ ಬೆಲೆಯ ಮೇಲೆ ಇನ್ನೂ 5%, ಅಂದರೆ ಒಟ್ಟು 25,000. ಊರಿನ ಮನೆಯಲ್ಲಿ ನಿಮ್ಮ ಪಾಲಿನ ಬೆಲೆ 40,000 ಪೌಂಡಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಈ 5% ಬೀಳುವುದಿಲ್ಲ, ಆದರೆ ಮೊದಲ ಬಾರಿಯ ರಿಯಾಯಿತಿ ಮಾತ್ರ ಹೋದಂತೆಯೇ. ಆದ್ದರಿಂದ ಮನೆಯ ಈಗಿನ ಬೆಲೆಗೆ ಒಬ್ಬ ನೋಂದಾಯಿತ ವ್ಯಾಲ್ಯುಯರಿಂದ ಪತ್ರ ಮಾಡಿಸಿಟ್ಟುಕೊಳ್ಳಿ. ಫಾರ್ಮಿನಲ್ಲಿ ತಪ್ಪು ಹೇಳಿಕೆ ಹೋದರೆ ದಂಡ, ಬಡ್ಡಿ ಬರುವುದು ನಿಮಗೆ, ಸಾಲಿಸಿಟರಿಗಲ್ಲ.

ಇನ್ನು ಅಪ್ಪನ ಹಣ. ಮನಿ ಲಾಂಡರಿಂಗ್ ನಿಯಮದಡಿ ಹಣದ ಮೂಲ ನೋಡದೆ ಸಾಲಿಸಿಟರ್ ಮುಂದೆ ಹೋಗುವ ಹಾಗಿಲ್ಲ. ಅವರಿಗೆ ಬೇಕಾದ್ದು ತುಂಡಾಗದ ಸರಪಳಿ: ನೋಂದಾಯಿತ ಕ್ರಯಪತ್ರ, ಅದರಲ್ಲಿ ಬರೆದ ಮೊತ್ತ ಅಪ್ಪನ ಖಾತೆಗೆ ಬಂದ ಸ್ಟೇಟ್‌ಮೆಂಟ್, ಅಲ್ಲಿಂದ ಹೊರಟ ಸ್ವಿಫ್ಟ್ (ವಿದೇಶಿ ಬ್ಯಾಂಕ್ ವರ್ಗಾವಣೆ) ಪ್ರತಿ, ನಿಮ್ಮ ಖಾತೆಗೆ ಜಮೆಯಾದ ದಿನಾಂಕ. ಕ್ರಯಪತ್ರ ಕನ್ನಡದಲ್ಲಿದ್ದರೆ ಪ್ರಮಾಣೀಕೃತ ಇಂಗ್ಲಿಷ್ ಅನುವಾದ ಬೇಕು. ನಮ್ಮವರ ಫೈಲುಗಳು ಹೆಚ್ಚಾಗಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಕ್ರಯಪತ್ರದಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಹೆಸರು, ಬ್ಯಾಂಕಿನಲ್ಲಿ ಮೂರನೆಯದೇ ಒಂದು. ಎಲ್ಲವೂ ಒಬ್ಬರೇ ಎಂಬ ಅಫಿಡವಿಟ್ ಅಪ್ಪನಿಂದ ಈಗಲೇ ಮಾಡಿಸಿ.

ಸೈಟಿನ ಬೆಲೆಯಲ್ಲಿ ನಗದಾಗಿ ಬಂದ ಭಾಗ ಇದ್ದರೆ ಅದನ್ನು ಇಲ್ಲಿ ತರುವ ಯೋಚನೆಯನ್ನೇ ಬಿಡಿ. ಸ್ನೇಹಿತರ ಖಾತೆಗಳ ಮೂಲಕ ಹಂಚಿ ತರಿಸುವುದೂ ಬೇಡ. ಅಂಥದ್ದು ಕಂಡ ಕೂಡಲೇ ಫೈಲ್ ನಿಲ್ಲುತ್ತದೆ, ವರದಿ ಕೊಡಬೇಕಾದ ಕರ್ತವ್ಯವೂ ಸಾಲಿಸಿಟರಿಗಿದೆ. ಭಾರತದಲ್ಲೇ ವಾಸವಿರುವವರು ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸಲು ಇರುವ ಆರ್‌ಬಿಐ ಯೋಜನೆ) ಅಡಿ ಕಳಿಸಬಹುದಾದ ಮಿತಿ ಒಂದು ಹಣಕಾಸು ವರ್ಷಕ್ಕೆ 250,000 ಡಾಲರ್.

ಗಿಫ್ಟ್ ಪತ್ರದಲ್ಲಿ ಇದು ಸಾಲವಲ್ಲ, ಮನೆಯಲ್ಲಿ ಪಾಲು ಬೇಡ ಅಂತ ಅಪ್ಪ ಸಹಿ ಹಾಕಬೇಕು. ಅವರಿಗೆ ನಿಜವಾಗಿ ಪಾಲು ಕೊಡುವ ಮಾತಿದ್ದರೆ ಅದು ಗಿಫ್ಟ್ ಅಲ್ಲ, ಬ್ಯಾಂಕಿಗೆ ಮುಚ್ಚಿಡಲೂ ಬಾರದು.

ಉತ್ತರ 3

ಮೇಲಿನವರು ಹೇಳಿದ್ದಕ್ಕೆ ಫ್ಲ್ಯಾಟಿನ ಕಡೆಯಿಂದ ಒಂದಿಷ್ಟು.

ತಡವಾಗುವುದು ಹೆಚ್ಚಾಗಿ ಎಲ್‌ಪಿಇ1 ಅನ್ನುವ, ಕಟ್ಟಡದ ಲೆಕ್ಕಪತ್ರಗಳಿರುವ ಮಾಹಿತಿ ಪ್ಯಾಕಿಗೆ. ಅದನ್ನು ಕೊಡಬೇಕಾದವರು ಕಟ್ಟಡದ ಮ್ಯಾನೇಜಿಂಗ್ ಏಜೆಂಟ್, ದುಡ್ಡು ಕಟ್ಟಬೇಕಾದವರು ಮಾರುವವರು. ಕಟ್ಟಿದ್ದಾರಾ ಅಂತ ಮೊದಲ ವಾರವೇ ಕೇಳಿಸಿ. ಪ್ಯಾಕ್ ಬಂದಾಗ ಮೂರು ವರ್ಷದ ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣೆಗೆ ಕಟ್ಟುವ ಹಣ) ಲೆಕ್ಕ, ರಿಸರ್ವ್ ಫಂಡಿನಲ್ಲಿ (ಮುಂದಿನ ರಿಪೇರಿಗೆ ಕೂಡಿಟ್ಟ ಹಣ) ಎಷ್ಟಿದೆ, ಸೆಕ್ಷನ್ 20 ನೋಟಿಸ್ ಏನಾದರೂ ಇದೆಯಾ, ಇವನ್ನು ನೀವೇ ಓದಿ. ಆ ನೋಟಿಸ್ ಅಂದರೆ ದೊಡ್ಡ ರಿಪೇರಿ ಬರುತ್ತಿದೆ ಅಂತ. ಚಾವಣಿ ಬದಲಾಯಿಸುವ ಬಿಲ್ ಹೊಸ ಮಾಲೀಕರ ತಲೆಗೆ ಬರುವುದು ಹೀಗೇ. ಮಾರುವವರಿಂದ ಒಂದು ಮೊತ್ತ ತಡೆಹಿಡಿಯುವಂತೆ ಕಾಂಟ್ರಾಕ್ಟಿನಲ್ಲಿ ಹಾಕಿಸಬಹುದು, ಆದರೆ ಅದು ಎಕ್ಸ್‌ಚೇಂಜ್‌ಗೆ (ಸಹಿ ಹಾಕಿದ ಕಾಂಟ್ರಾಕ್ಟನ್ನು ಎರಡೂ ಕಡೆಯವರು ಬದಲಾಯಿಸಿಕೊಳ್ಳುವ ಹಂತ) ಮುಂಚೆ ಮಾತ್ರ.

ಲೀಸಿನಲ್ಲಿ ಇನ್ನೆಷ್ಟು ವರ್ಷ ಉಳಿದಿದೆ ನೋಡಿ. 80ರ ಹತ್ತಿರ ಬಂದಿದ್ದರೆ ಬೆಲೆ ಇಳಿಸಲು ಕೇಳಿ ಅಥವಾ ಬಿಟ್ಟುಬಿಡಿ. ಗ್ರೌಂಡ್ ರೆಂಟ್ (ಜಾಗದ ಮಾಲೀಕರಿಗೆ ಕಟ್ಟುವ ನೆಲಬಾಡಿಗೆ) 10 ವರ್ಷಕ್ಕೊಮ್ಮೆ ದುಪ್ಪಟ್ಟಾಗುವ ಷರತ್ತಿದ್ದರೆ ಸಾಲ ಸಿಗುವುದೇ ಕಷ್ಟ. ಕಟ್ಟಡ ಕನಿಷ್ಠ 11 ಮೀಟರ್ ಎತ್ತರ ಅಥವಾ ಕನಿಷ್ಠ ಐದು ಮಹಡಿ ಇದ್ದರೆ 2022ರ ಬಿಲ್ಡಿಂಗ್ ಸೇಫ್ಟಿ ಆಕ್ಟ್ ಪ್ರಕಾರದ ಸರ್ಟಿಫಿಕೇಟುಗಳು ಬೇಕಾಗುತ್ತವೆ. ಎಷ್ಟೋ ಸಾಲಿಸಿಟರುಗಳು ಈ ಕೆಲಸ ಮುಟ್ಟುವುದೇ ಇಲ್ಲ, ಕೊಟೇಶನ್ ಹಂತದಲ್ಲೇ ಕೇಳಿಬಿಡಿ.

ಎಕ್ಸ್‌ಚೇಂಜ್ ಆಗುವವರೆಗೆ ಎರಡೂ ಕಡೆಯವರು ಹಿಂದೆ ಸರಿಯಬಹುದು. ಆದ ಮೇಲೆ ನೀವು ಸರಿದರೆ ಡಿಪಾಸಿಟ್, ಸಾಮಾನ್ಯವಾಗಿ ಬೆಲೆಯ 10%, ಹೋಗುತ್ತದೆ. ಹಾಗಾಗಿ ಸಾಲದ ಆಫರ್ ಪತ್ರ, ಸರ್ಚ್ ವರದಿಗಳು (ಆಸ್ತಿಯ ಬಗ್ಗೆ ಸ್ಥಳೀಯ ಸಂಸ್ಥೆ ಮುಂತಾದ ಕಡೆ ವಿಚಾರಿಸಿ ತರಿಸುವವು), ಎಲ್ಲ ಪ್ರಶ್ನೆಗಳಿಗೂ ಲಿಖಿತ ಉತ್ತರ ಕೈಗೆ ಬರುವ ತನಕ ಏಜೆಂಟ್ ಎಷ್ಟೇ ಅವಸರ ಮಾಡಿದರೂ ಎಕ್ಸ್‌ಚೇಂಜ್‌ಗೆ ಒಪ್ಪಿಗೆ ಕೊಡಬೇಡಿ.

ದಯವಿಟ್ಟು ಇದೊಂದನ್ನು ಮರೆಯಬೇಡಿ. ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಅಂತ ಸಾಲಿಸಿಟರ್ ಹೆಸರಲ್ಲಿ ಇಮೇಲ್ ಬಂದರೆ ಅದು ಮೋಸ ಅಂತಲೇ ತಿಳಿಯಿರಿ. ಹಣ ಕಳಿಸುವ ಮುಂಚೆ, ಮೊದಲು ಬಂದ ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಿ ಖಾತೆ ಸಂಖ್ಯೆ ಓದಿಸಿ ಕೇಳಿ. ಆ ಇಮೇಲಿನಲ್ಲಿರುವ ನಂಬರಿಗೆ ಮಾತ್ರ ಮಾಡಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಹೆಸರಿನ ಅಫಿಡವಿಟ್ ವಿಷಯ ಹೊಳೆದೇ ಇರಲಿಲ್ಲ. ಇನ್ನೊಂದು: ಫೈಲ್ ನಿಂತಿದೆ ಅನ್ನಿಸಿದಾಗ ಸಾಲಿಸಿಟರನ್ನು ಹೇಗೆ ವಿಚಾರಿಸುವುದು?

ಉತ್ತರ 1 ಬರೆದವರು

ದಿನಾ ಫೋನ್ ಮಾಡಿದರೆ ಪ್ರಯೋಜನ ಇಲ್ಲ. ವಾರಕ್ಕೊಂದು ಇಮೇಲ್ ಸಾಕು, ಅದರಲ್ಲಿ ಇಷ್ಟೇ ಕೇಳಿ: ಯಾವ ಪ್ರಶ್ನೆಗಳಿಗೆ ಉತ್ತರ ಬಾಕಿ, ಅದು ಯಾರ ಬಳಿ ಇದೆ, ಯಾವ ದಿನ ಕೇಳಿದಿರಿ. ಬಾಕಿ ಮಾರುವವರ ಕಡೆ ಇದ್ದರೆ ಅದೇ ಪಟ್ಟಿಯನ್ನು ಏಜೆಂಟಿಗೆ ಕಳಿಸಿ. ಕಮಿಷನ್ ಕೈಗೆ ಬರುವುದು ಕೆಲಸ ಮುಗಿದ ಮೇಲೆ, ಅವರೇ ಬೆನ್ನು ಹತ್ತುತ್ತಾರೆ. ನಿಮ್ಮ ಸಾಲಿಸಿಟರೇ ಉತ್ತರ ಕೊಡದಿದ್ದರೆ, ಅವರು ಶುರುವಿನಲ್ಲಿ ಕೊಡುವ ಕ್ಲೈಂಟ್ ಕೇರ್ ಪತ್ರದಲ್ಲಿ ದೂರು ನೋಡುವವರ ಹೆಸರಿರುತ್ತದೆ, ಅವರಿಗೆ ಬರೆಯಿರಿ. 8 ವಾರದೊಳಗೆ ಬಗೆಹರಿಯದಿದ್ದರೆ ವಕೀಲರ ಮೇಲಿನ ದೂರು ನೋಡುವ ಲೀಗಲ್ ಒಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ನಿಮ್ಮಿಂದ ಶುಲ್ಕ ಇಲ್ಲ.